ನಿರ್ವಹಣಾ ವಿಜ್ಞಾನವೂ ಪಾರ್ಸೆಲು ಕಟ್ಟೆಯೂ

ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದ ವಾರದಲ್ಲಿ ನಮ್ಮನ್ನು ಕಾಣಲು ಬರುವವರ ಸಂಖ್ಯೆ ಹೆಚ್ಚುವುದು ವಾಡಿಕೆ. ವರ್ಷವಿಡೀ ಸಂಘದ ಸಭೆಗಳಲ್ಲಿ ದೂರದಿಂದಲೇ ಕೈಮುಗಿದು ಹೋಗುವ ಮಹನೀಯರೂ ಆ ವಾರ ಕುರ್ಚಿ ಎಳೆದುಕೊಂಡು ಕುಳಿತುಬಿಡುತ್ತಾರೆ. ಅವರು ಕೇಳುವ ಪ್ರಶ್ನೆಯೂ ಬಹುಮಟ್ಟಿಗೆ ಒಂದೇ. ಮಗನನ್ನು ಬಿ.ಕಾಂ.ಗೆ ಸೇರಿಸುವುದೋ, ಬಿ.ಎಂ.ಎಸ್. ಎಂಬ ನಿರ್ವಹಣಾಶಾಸ್ತ್ರದ ಪದವಿಗೆ ಸೇರಿಸುವುದೋ? ಬಿ.ಕಾಂ. ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಗೆ ಅದೇ ಏಣಿಯಾಗಿತ್ತು. ಆದರೆ ನಿರ್ವಹಣೆಯನ್ನು ಇಪ್ಪತ್ತು ವರ್ಷ ತುಂಬದ ಹುಡುಗರಿಗೆ ಕಾಲೇಜಿನಲ್ಲಿ ಕುಳ್ಳಿರಿಸಿ ಕಲಿಸುವುದೆಂದರೇನು? ಅದು ವಿಜ್ಞಾನ ಹೇಗಾಯಿತು?

ಈ ಪ್ರಶ್ನೆಯನ್ನು ಎಲ್ಲರಿಗಿಂತ ಖಾರವಾಗಿ ಕೇಳಿದವರು ನಮ್ಮ ಸ್ನೇಹಿತರೊಬ್ಬರು. ಕುಂದಾಪುರದ ಕಡೆಯವರು, ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದು, ಲೋಟ ತೊಳೆಯುವುದರಿಂದ ಆರಂಭಿಸಿ, ಈಗ ಉಪನಗರವೊಂದರಲ್ಲಿ ರೈಲು ನಿಲ್ದಾಣಕ್ಕೆ ಹತ್ತಿರದಲ್ಲೇ ಸ್ವಂತ ಹೋಟೆಲನ್ನು ನಡೆಸುತ್ತಿರುವವರು. ಹೆಸರು ಬರೆಯಕೂಡದೆಂಬ ಕರಾರಿನ ಮೇಲೆ ಈ ಸಂಗತಿಯನ್ನು ಬರೆಯಲು ಒಪ್ಪಿದ್ದಾರೆ. ಕೆಲವು ವರ್ಷಗಳ ಹಿಂದೆ ಅವರ ಮಗಳು ಬಿ.ಎಂ.ಎಸ್. ಸೇರುವೆನೆಂದು ಹಟ ಹಿಡಿದಾಗ ನಮ್ಮಲ್ಲಿಗೆ ಬಂದು, "ಅಲ್ಲ ಮಾರಾಯ್ರೇ, ಗಲ್ಲದ ಮೇಲೆ ಕೂತು ಮೂವತ್ತು ವರ್ಷದಲ್ಲಿ ನಾನು ಕಲಿತದ್ದನ್ನು ಅವರು ಮೂರು ವರ್ಷದಲ್ಲಿ ಬೋರ್ಡಿನ ಮೇಲೆ ಬರೆದು ಕಲಿಸ್ತಾರಂತೆ. ಅದಕ್ಕೆ ಫೀಸೂ ಬಿ.ಕಾಂ.ಗಿಂತ ಎಷ್ಟೋ ಪಾಲು ಜಾಸ್ತಿ!" ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮುಂಬಯಿ ವಿಶ್ವವಿದ್ಯಾಲಯ 1999-2000ರಲ್ಲಿ ಆರಂಭಿಸಿದ ಈ ಪದವಿಯನ್ನು ಕಾಲೇಜುಗಳು ಸರಕಾರದ ಅನುದಾನವಿಲ್ಲದೆ ಸ್ವಂತ ಖರ್ಚಿನಲ್ಲಿ ನಡೆಸುತ್ತ ಬಂದಿರುವುದರಿಂದ ಆ ಖರ್ಚು ತಂದೆತಾಯಿಗಳ ತಲೆಯ ಮೇಲೆಯೇ ಬೀಳುತ್ತದೆ.

ಅವರಿಗೆ ಉತ್ತರ ಹೇಳಬೇಕಾಗಿ ಬಂದುದರಿಂದಲೇ ನಾವು ಈ ಶಾಸ್ತ್ರದ ಪೂರ್ವೋತ್ತರವನ್ನು ಸ್ವಲ್ಪ ಮಟ್ಟಿಗೆ ತಿಳಿದುಕೊಂಡೆವು. ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇವೆ.

ಕೆಲಸವನ್ನು ಗಡಿಯಾರ ಹಿಡಿದು ಅಳೆಯಬೇಕೆಂದು ಅಮೆರಿಕೆಯ ಟೇಲರ್ ಎಂಬ ಎಂಜಿನಿಯರನು 1911ರಲ್ಲಿಯೇ ಗ್ರಂಥ ಬರೆದಿದ್ದನು. ಆದರೆ ಇಂದು ನಿರ್ವಹಣಾ ವಿಜ್ಞಾನವೆಂದು ಕರೆಯಲ್ಪಡುವುದರ ಬೇರು ಕಾರ್ಖಾನೆಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಎರಡನೆಯ ಮಹಾಯುದ್ಧದಲ್ಲಿದೆ. ಬ್ರಿಟನ್ನಿನಲ್ಲಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಎಂಬ ಭೌತವಿಜ್ಞಾನಿಯು ಒಂದು ತಂಡವನ್ನು ಕಟ್ಟಿಕೊಂಡು, ಸೈನ್ಯದವರ ಬಳಿ ಇರುವ ಆಯುಧಗಳನ್ನೇ ಇನ್ನಷ್ಟು ಚೆನ್ನಾಗಿ ಬಳಸುವುದು ಹೇಗೆಂಬುದನ್ನು ಲೆಕ್ಕದಿಂದ ಶೋಧಿಸಲು ಹೊರಟನು. ಆ ತಂಡದಲ್ಲಿ ನಾನಾ ಶಾಸ್ತ್ರಗಳ ವಿದ್ವಾಂಸರಿದ್ದುದರಿಂದ ಜನರು ಅದನ್ನು ಬ್ಲ್ಯಾಕೆಟ್ಟನ ಸರ್ಕಸ್ಸು ಎಂದು ಹಾಸ್ಯ ಮಾಡುತ್ತಿದ್ದರಂತೆ. ವಿಮಾನದಿಂದ ಜಲಾಂತರ್ಗಾಮಿಯ ಮೇಲೆ ಹಾಕುವ ಸಿಡಿಗುಂಡುಗಳು ಆಗ ನೀರಿನೊಳಗೆ ಸುಮಾರು 100 ಅಡಿ ಆಳಕ್ಕೆ ಇಳಿದು ಸಿಡಿಯುತ್ತಿದ್ದವು. ವಿಮಾನವನ್ನು ಕಂಡು ಮುಳುಗಲಾರಂಭಿಸಿದ ಹಡಗು ಅಷ್ಟು ಹೊತ್ತಿಗೆ ಅಷ್ಟು ಆಳಕ್ಕೆ ಹೋಗಿರುವುದೇ ಇಲ್ಲ, ಹೋಗಿದ್ದರೆ ಅದು ಎಲ್ಲಿದೆಯೆಂದು ಗುರಿ ಹಿಡಿಯುವುದೇ ಸಾಧ್ಯವಿಲ್ಲ ಎಂಬುದನ್ನು ಈ ತಂಡದವರು ವರದಿಗಳನ್ನು ಕೂಡಿಸಿ ಕಳೆದು ತೋರಿಸಿಕೊಟ್ಟರು. ಆಳವನ್ನು 25 ಅಡಿಗೆ ಇಳಿಸುವ ಕಡೆಗೆ ಹೋದ ಮೇಲೆ ಮುಳುಗುವ ಜಲಾಂತರ್ಗಾಮಿಗಳ ಸಂಖ್ಯೆ ಏರಿತು. ಹೊಸ ಬಾಂಬೂ ಬರಲಿಲ್ಲ, ಹೊಸ ವಿಮಾನವೂ ಬರಲಿಲ್ಲ. ಬದಲಾದುದು ಒಂದು ಅಂಕೆ ಮಾತ್ರ.

ಇದೇ ಕಾಲದಲ್ಲಿ ಅಮೆರಿಕೆಯಲ್ಲಿ ಅಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರಜ್ಞನು, ಯುದ್ಧದಿಂದ ಮರಳಿ ಬಂದ ವಿಮಾನಗಳ ಮೈಮೇಲಿನ ಗುಂಡಿನ ಗುರುತುಗಳನ್ನು ನೋಡುವಾಗ ಮರಳಿ ಬಾರದ ವಿಮಾನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದನ್ನು ಗಣಿತದಿಂದ ಸ್ಥಾಪಿಸಿದನು. ಗುಂಡು ತಗಲಿದರೂ ಮರಳಿ ಬರಲು ಸಾಧ್ಯವಾದ ಭಾಗಕ್ಕಿಂತ, ತಗಲಿದರೆ ಮರಳಿ ಬರಲಾಗದ ಭಾಗಕ್ಕೇ ಹೆಚ್ಚಿನ ರಕ್ಷಣೆ ಬೇಕಲ್ಲವೆ? ಈ ವಾಲ್ಡನು 1950ರ ಡಿಸೆಂಬರಿನಲ್ಲಿ ಭಾರತದ ಉಪನ್ಯಾಸ ಪ್ರವಾಸದಲ್ಲಿದ್ದಾಗ ಪತ್ನೀಸಮೇತನಾಗಿ ನೀಲಗಿರಿಯಲ್ಲಿ ವಿಮಾನಾಪಘಾತಕ್ಕೆ ತುತ್ತಾದನೆಂಬುದು ವಿಧಿಯ ಕ್ರೂರ ವಿನೋದವೆಂದೇ ಹೇಳಬೇಕು.

ಯುದ್ಧ ಮುಗಿದ ಮೇಲೆ ಈ ವಿದ್ಯೆ ವ್ಯಾಪಾರಕ್ಕೆ ಬಂದಿತು. 1947ರಲ್ಲಿ ಜಾರ್ಜ್ ಡಾಂಟ್ಸಿಗ್ ಎಂಬವನು ಸಿಂಪ್ಲೆಕ್ಸ್ ಎಂಬ ಗಣಿತವಿಧಾನವನ್ನು ರೂಪಿಸಿದನು. ಇರುವ ಸಾಮಗ್ರಿ ಇಷ್ಟೇ, ಮಾಡಬೇಕಾದ ಕೆಲಸಗಳು ಹಲವು. ಯಾವುದಕ್ಕೆ ಎಷ್ಟು ಹಂಚಿದರೆ ಖರ್ಚು ಅತ್ಯಂತ ಕಡಿಮೆಯಾದೀತು ಎಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿ ಕಂಡುಹಿಡಿಯುವ ದಾರಿ ಅದು. ಅದರ ಮೊದಲ ದೊಡ್ಡ ಪರೀಕ್ಷೆ ನಡೆದುದು ಊಟದ ಮೇಲೆಯೇ ಎಂಬುದು ನಮ್ಮ ಹೋಟೆಲುದಾರ ವಾಚಕರಿಗೆ ಸ್ವಾರಸ್ಯವೆನಿಸಬಹುದು. ಜಾರ್ಜ್ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞನು 1945ರಲ್ಲಿ ಒಂದು ಪ್ರಶ್ನೆ ಎತ್ತಿದ್ದನು. 77 ಆಹಾರ ಪದಾರ್ಥಗಳಿವೆ. ಒಬ್ಬ ಮನುಷ್ಯನಿಗೆ ಬೇಕಾದ 9 ಬಗೆಯ ಪೋಷಕಾಂಶಗಳಿವೆ. ಎಲ್ಲವೂ ಸಾಕಷ್ಟು ದೊರೆಯುವಂತೆ ವರ್ಷವಿಡೀ ಉಣ್ಣಲು ಕನಿಷ್ಠ ಎಷ್ಟು ಹಣ ಸಾಕು? ಊಹೆಯೂ ಚಾತುರ್ಯವೂ ಬೆರೆತ ದಾರಿಯಿಂದ ಅವನು ತೆಗೆದ ಉತ್ತರ ಆಗಿನ ಬೆಲೆಯಲ್ಲಿ 39 ಡಾಲರು 93 ಸೆಂಟು. 1947ರಲ್ಲಿ ಒಂಬತ್ತು ಮಂದಿ ಗುಮಾಸ್ತರು ಕೈಯಲ್ಲಿ ತಿರುವುವ ಲೆಕ್ಕದ ಯಂತ್ರಗಳನ್ನಿಟ್ಟುಕೊಂಡು ಹೊಸ ವಿಧಾನದಿಂದ ಅದೇ ಲೆಕ್ಕವನ್ನು ಮಾಡಿದರು. ಒಬ್ಬನೇ ಮಾಡಿದ್ದರೆ 120 ದಿನ ಹಿಡಿಯುತ್ತಿದ್ದ ಕೆಲಸ. ಉತ್ತರ 39 ಡಾಲರು 69 ಸೆಂಟು. ವ್ಯತ್ಯಾಸ ವರ್ಷಕ್ಕೆ 24 ಸೆಂಟು! ಸ್ಟಿಗ್ಲರನ ಪಟ್ಟಿಯಲ್ಲಿದ್ದುದು ಗೋಧಿಹಿಟ್ಟು, ಡಬ್ಬಿಯ ಹಾಲು, ಎಲೆಕೋಸು, ಪಾಲಕ, ಒಣ ಹುರುಳಿಬೀನ್ಸು, ಇಷ್ಟೇ. ನಾವು ಇದನ್ನು ಹೇಳಿದಾಗ ನಮ್ಮ ಸ್ನೇಹಿತರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಎರಡನೇ ದಿನಕ್ಕೆ ಗಿರಾಕಿ ಎದುರಿನ ಹೋಟ್ಲಿಗೆ ಹೋಗ್ತಾನೆ ಮಾರಾಯ್ರೇ. ನಾಲಿಗೆಯನ್ನು ಲೆಕ್ಕಕ್ಕೆ ಹಿಡೀಲೇ ಇಲ್ಲ ಅವರು" ಎಂದರು. ಆ ಮಾತನ್ನು ನಾವು ಆಗ ಲಘುವಾಗಿಯೇ ತೆಗೆದುಕೊಂಡೆವು.

ನಮ್ಮ ದೇಶವೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದುದಿಲ್ಲ. 1949ರಲ್ಲಿಯೇ ಹೈದರಾಬಾದಿನ ಪ್ರಾದೇಶಿಕ ಸಂಶೋಧನಾಲಯದಲ್ಲಿ ಇದಕ್ಕಾಗಿ ಒಂದು ವಿಭಾಗ ಹುಟ್ಟಿತು. 1957ರಲ್ಲಿ ಅಖಿಲ ಭಾರತ ಮಟ್ಟದ ಸಂಘ ಸ್ಥಾಪನೆಯಾಯಿತು. ಡಾಂಟ್ಸಿಗ್ಗನ ದಾರಿಗಿಂತ ಬೇರೆಯಾದ, ದೊಡ್ಡ ದೊಡ್ಡ ಲೆಕ್ಕಗಳಿಗೂ ಒಗ್ಗುವ ವಿಧಾನವನ್ನು 1984ರಲ್ಲಿ ಪ್ರಕಟಿಸಿ ಜಗತ್ತನ್ನು ಬೆರಗುಗೊಳಿಸಿದ ನರೇಂದ್ರ ಕರ್ಮಾರ್ಕರ್ ಅವರು ನಮ್ಮ ಪೊವಾಯಿಯ ಐ.ಐ.ಟಿ.ಯಲ್ಲಿ ಓದಿದವರು. ವ್ಯವಹಾರದ ಕಲಿಕೆಗಂತೂ ಮುಂಬಯಿ ಹಳೆಯ ಗುರುಕುಲ. ಸಿಡ್ನೆಹ್ಯಾಮ್ ವಾಣಿಜ್ಯ ಕಾಲೇಜು 1913ರಲ್ಲಿ ತೆರೆಯಿತು. ಅಲ್ಲಿ ಪದವಿ ಪಡೆದು ಊರಿಗೆ ಮರಳಿದವರಲ್ಲಿ ಟಿ. ಎ. ಪೈಯವರೂ ಒಬ್ಬರು. ಅವರ ಮನೆತನದವರು ಉಡುಪಿಯಲ್ಲಿ 1925ರಲ್ಲಿ ಕಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದು, ಮನೆಮನೆಯ ಬಾಗಿಲಿಗೆ ಏಜೆಂಟನನ್ನು ಕಳುಹಿಸಿ ದಿನಕ್ಕೆ ಎರಡಾಣೆಯನ್ನು ಕೂಡಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಹೋಯಿತು, ಟಿ. ಎ. ಪೈಯವರ ಹೆಸರಿನ ನಿರ್ವಹಣಾ ಸಂಸ್ಥೆ ಮಾತ್ರ ಮಣಿಪಾಲದಲ್ಲಿ ಇಂದಿಗೂ ಇದೆ. ದಿನಕ್ಕೆ ಎರಡಾಣೆ ಕೂಡಿಸಲು ಮಾಡುವ ನಡಿಗೆಯ ಖರ್ಚನ್ನು ಭರಿಸಿಯೂ ಬ್ಯಾಂಕಿಗೆ ಲಾಭ ಉಳಿಯುವುದು ಹೇಗೆಂಬ ಪ್ರಶ್ನೆಯನ್ನು ಈಗಿನ ವಿದ್ಯಾರ್ಥಿಗೆ ಕೊಟ್ಟರೆ ಅದು ಒಳ್ಳೆಯ ಪರೀಕ್ಷೆಯ ಪ್ರಶ್ನೆಯೇ ಆದೀತು.

ಅದಿರಲಿ. ಹುಡುಗಿ ಕಾಲೇಜು ಸೇರಿದಳು. ಮೊದಲೆರಡು ವರ್ಷ ಅವಳು ಓದಿದುದರಲ್ಲಿ ತಂದೆಗೆ ವಿಶೇಷವೇನೂ ಕಾಣಲಿಲ್ಲ. ಲೆಕ್ಕಪತ್ರ, ಅರ್ಥಶಾಸ್ತ್ರ, ವ್ಯಾಪಾರದ ಕಾನೂನು, ಸಂಖ್ಯಾಶಾಸ್ತ್ರ, ಮನುಷ್ಯರೊಡನೆ ನಡೆದುಕೊಳ್ಳುವ ರೀತಿ, ಜಾಹೀರಾತು ಮೊದಲಾದುವೆಲ್ಲ ಸ್ವಲ್ಪ ಸ್ವಲ್ಪ. ಈ ಪದವಿಯ ಮೇಲಿನ ನಿಜವಾದ ಆಕ್ಷೇಪವೂ ಇದೇ ಎಂದು ನಾವು ತಿಳಿಯುತ್ತೇವೆ. ಕಲೆ, ವಿಜ್ಞಾನ, ವಾಣಿಜ್ಯ, ಮೂರು ಶಾಖೆಗಳಿಂದಲೂ ಹುಡುಗರು ಬರುವುದರಿಂದ ಎಲ್ಲವನ್ನೂ ಮೊದಲಿನಿಂದ ಹೇಳಿಕೊಡಬೇಕು. ಆಳಕ್ಕೆ ಇಳಿಯುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ. ಚಂದದ ಚಿತ್ರಗಳನ್ನು ಪರದೆಯ ಮೇಲೆ ತೋರಿಸುತ್ತ ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತನಾಡುವುದನ್ನೇ ಕಲಿತು ಹೊರಬಂದ ಹುಡುಗರನ್ನು ನಾವು ಬಲ್ಲೆವು. ಅಂತಹವರಿಗೆ ಮೂರು ವರ್ಷಗಳ ಕೊನೆಗೆ ಬ್ಯಾಂಕಿನ ಸಾಲದ ಕಾರ್ಡು ಮಾರುವ ಕೆಲಸವಲ್ಲದೆ ಬೇರೆ ಸಿಗದಿದ್ದರೆ ತಪ್ಪು ಹುಡುಗರದೇ ಎಂದು ಹೇಳುವುದು ನ್ಯಾಯವಲ್ಲ. ಬಹುಮಂದಿ ಗಣಿತಕ್ಕೆ ಹೆದರಿ ಈ ಕಡೆ ಬಂದವರು. ಹಿಂದಿನ ಪಠ್ಯಕ್ರಮದಲ್ಲಿ ಕೊನೆಯ ವರ್ಷಕ್ಕೆ ಇಟ್ಟಿದ್ದ ಆಪರೇಷನ್ಸ್ ರಿಸರ್ಚ್ ಎಂಬ ವಿಷಯದಲ್ಲಿ ಅದೇ ಗಣಿತ ಬಾಗಿಲಲ್ಲಿ ಕಾದು ಕುಳಿತಿರುತ್ತಿತ್ತು. ನಮ್ಮ ಅಭಿಪ್ರಾಯದಲ್ಲಿ ಇಡೀ ಪದವಿಯ ತಿರುಳಿರುವುದೇ ಅದರಲ್ಲಿ. ಬ್ಲ್ಯಾಕೆಟ್ಟನೂ ಡಾಂಟ್ಸಿಗ್ಗನೂ ಬಿಟ್ಟುಹೋದ ಆಸ್ತಿ ವಿದ್ಯಾರ್ಥಿಯ ಕೈಗೆ ಬರುವುದು ಅಲ್ಲಿ.

ಹುಡುಗಿಗೆ ಆ ವಿಷಯ ಹಿಡಿಸಿತು. ಮೊದಲಿಗೆ ತಂದೆಯ ಅಕ್ಕಿಯ ದಾಸ್ತಾನಿನ ಮೇಲೆ ಕೈಯಿಟ್ಟಳು. ಸಾಮಾನನ್ನು ಒಂದು ಸಲಕ್ಕೆ ಎಷ್ಟು ತರಿಸಬೇಕೆಂಬುದಕ್ಕೆ ಹ್ಯಾರಿಸ್ ಎಂಬವನು 1913ರಲ್ಲಿ ಬರೆದಿಟ್ಟ ಸೂತ್ರವೊಂದಿದೆ. ತುಂಬ ತರಿಸಿದರೆ ಹಣವೂ ಜಾಗವೂ ಕಟ್ಟಿಬೀಳುತ್ತವೆ. ಸ್ವಲ್ಪ ಸ್ವಲ್ಪವೇ ತರಿಸಿದರೆ ಸಾಗಣೆಯ ಖರ್ಚು ಮತ್ತೆ ಮತ್ತೆ ಬೀಳುತ್ತದೆ. ಎರಡೂ ಸಮನಾಗುವ ಕಡೆ ನಿಲ್ಲಬೇಕು. ವರ್ಷಕ್ಕೆ 3,600 ಕಿಲೋ ಅಕ್ಕಿ, ಒಂದು ಸಲ ತರಿಸುವ ಖರ್ಚು 400 ರೂಪಾಯಿ, ಒಂದು ಕಿಲೋವನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚು 8 ರೂಪಾಯಿ ಎಂದು ಹಿಡಿದು ಅವಳು ಕಂಡ ಉತ್ತರ 600 ಕಿಲೋ, ಎಂದರೆ ಎರಡು ತಿಂಗಳಿಗೊಮ್ಮೆ ಹನ್ನೆರಡು ಮೂಟೆ. ಓಡಿಬಂದು ತಂದೆಗೆ ತೋರಿಸಿದಳು. ಅವರು ತರಿಸುತ್ತಿದ್ದುದೂ ಹನ್ನೆರಡೇ ಮೂಟೆ! "ಅದಕ್ಕೆ ಸೂತ್ರ ಯಾಕೆ ಮಗಾ? ಅಟ್ಟದಲ್ಲಿ ಹದಿಮೂರನೇ ಮೂಟೆಗೆ ಜಾಗ ಇಲ್ಲ" ಎಂದರಂತೆ.

ಎರಡನೆಯ ಲೆಕ್ಕ ಇಷ್ಟು ಸುಖವಾಗಿ ಮುಗಿಯಲಿಲ್ಲ.

ಆ ಹೋಟೆಲಿನಲ್ಲಿ ಬೆಳಗ್ಗೆ ಎಂಟರಿಂದ ಹತ್ತರವರೆಗೆ ಪಾರ್ಸೆಲು ಕಟ್ಟೆಯ ಮುಂದೆ ದೊಡ್ಡ ಸಾಲು. ಲೋಕಲು ಹಿಡಿಯಬೇಕಾದವರು ಇಡ್ಲಿಯನ್ನೋ ಉಪ್ಪಿಟ್ಟನ್ನೋ ಕಟ್ಟಿಸಿಕೊಂಡು ಹೋಗಲು ನಿಲ್ಲುತ್ತಾರೆ. ಸಾಲು ಉದ್ದವಾದರೆ ಹಾಗೆಯೇ ಹೊರಟುಬಿಡುತ್ತಾರೆ. ಪಾರ್ಸೆಲು ಕಟ್ಟುವವರು ಒಬ್ಬ ವೃದ್ಧರು. ನಮ್ಮ ಸ್ನೇಹಿತರಿಗಿಂತ ಮೊದಲೇ ಮುಂಬಯಿ ಕಂಡವರು. ಅವರು ಹುಡುಗನಾಗಿ ಬಂದು ಇಳಿದಾಗ ಮೊದಲ ರಾತ್ರಿ ತಮ್ಮ ಚಾಪೆಯಲ್ಲಿ ಜಾಗ ಕೊಟ್ಟವರು. ಹುಡುಗಿ ಎರಡು ವಾರ ಗಲ್ಲದ ಹಿಂದೆ ಕುಳಿತು ಗಡಿಯಾರ ನೋಡಿ ಬರೆದುಕೊಂಡಳು. ತಾಸಿಗೆ ಬರುವವರು ಸುಮಾರು 55 ಮಂದಿ. ವೃದ್ಧರು ಒಂದು ಪಾರ್ಸೆಲಿಗೆ ಸರಾಸರಿ ಒಂದು ನಿಮಿಷ ತೆಗೆದುಕೊಳ್ಳುತ್ತಾರೆ. ಎಂದರೆ ತಾಸಿಗೆ 60. ಬರುವವರಿಗಿಂತ ಕಟ್ಟುವ ಶಕ್ತಿ ಹೆಚ್ಚಾಗಿಯೇ ಇದೆ. ಸಾಲು ಏಕೆ ಬೆಳೆಯಬೇಕು? ನಾವಾದರೂ ಹಾಗೆಯೇ ಕೇಳುತ್ತಿದ್ದೆವು.

ಸಾಲಿನ ಶಾಸ್ತ್ರ ಹೇಳುವುದು ಬೇರೆ. ಗಿರಾಕಿಗಳು ನಿಮಿಷಕ್ಕೊಬ್ಬರಂತೆ ಮಣಿ ಪೋಣಿಸಿದ ಹಾಗೆ ಬರುವುದಿಲ್ಲ. ಒಮ್ಮೆ ಐವರು ಒಟ್ಟಿಗೆ, ಒಮ್ಮೆ ಮೂರು ನಿಮಿಷ ಯಾರೂ ಇಲ್ಲ. ಯಾರೂ ಇಲ್ಲದಾಗ ಹೋದ ನಿಮಿಷವನ್ನು ಕೂಡಿಟ್ಟುಕೊಂಡು ಐವರು ಬಂದಾಗ ಬಳಸುವಂತಿಲ್ಲ. ಇಂತಹ ಕ್ರಮವಿಲ್ಲದ ಬರವಿಗೆ ಲೆಕ್ಕ ಹೀಗೆ. ತಾಸಿಗೆ 60 ಕಟ್ಟುವ ಕಡೆ 50 ಮಂದಿ ಬಂದರೆ, ಕಟ್ಟೆಯ ಮುಂದೆ ಸರಾಸರಿ 5 ಮಂದಿ ಇರುತ್ತಾರೆ. ಒಬ್ಬೊಬ್ಬರಿಗೂ 6 ನಿಮಿಷ ಹಿಡಿಯುತ್ತದೆ. ಬರುವವರು 55 ಆದರೆ 11 ಮಂದಿ, 12 ನಿಮಿಷ! ಹತ್ತಕ್ಕೆ ಒಂದರಂತೆ ಗಿರಾಕಿ ಹೆಚ್ಚಿದರೆ ಕಾಯುವ ಹೊತ್ತು ಇಮ್ಮಡಿಯಾಯಿತು. ರೈಲಿನ ಟಿಕೇಟು ಕಿಟಕಿಯ ಮುಂದೆ, ಸರಕಾರಿ ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ನಾವೆಲ್ಲರೂ ಅನುಭವಿಸಿದ ಸಂಗತಿಯೇ ಇದು. ತೀರ ತುಂಬುವ ಹಂತಕ್ಕೆ ಬಂದ ಕಟ್ಟೆ ಸ್ವಲ್ಪ ಭಾರಕ್ಕೇ ಕುಸಿಯುತ್ತದೆ.

ಅವಳು ವರದಿ ಬರೆದಳು. ಅದರ ಸಾರಾಂಶ ಇಷ್ಟು: ಆ ಜಾಗದಲ್ಲಿ ತಾಸಿಗೆ 80 ಕಟ್ಟಬಲ್ಲ ಚುರುಕಾದ ತರುಣನೊಬ್ಬನನ್ನು ನಿಲ್ಲಿಸಿದರೆ 12 ನಿಮಿಷ ಎರಡೂವರೆ ನಿಮಿಷದೊಳಗೆ ಇಳಿಯುತ್ತದೆ, ಸಂಬಳದ ಖರ್ಚು ಹೆಚ್ಚುವುದಿಲ್ಲ. ವೃದ್ಧರ ಹೆಸರು ವರದಿಯಲ್ಲಿರಲಿಲ್ಲ. 'ಸೇವಾ ಕೇಂದ್ರ 1' ಎಂದಷ್ಟೇ ಇತ್ತು. ಕಾಲೇಜಿನಲ್ಲಿ ಅದಕ್ಕೆ ಒಳ್ಳೆಯ ಅಂಕಗಳು ಬಂದವು. ಅದನ್ನು ತಂದು ತಂದೆಯ ಕೈಯಲ್ಲಿಟ್ಟಳು. ಅವರು ಇಂಗ್ಲಿಷನ್ನು ಅಕ್ಷರ ಕೂಡಿಸಿಕೊಂಡು ಓದುವವರು. ಓದಿ ಮುಗಿಸಲು ಒಂದು ರಾತ್ರಿ ಹಿಡಿಯಿತು. ಬೆಳಗ್ಗೆ, "ಯಾರ ಚಾಪೆಯಲ್ಲಿ ಮಲಗಿ ನಾನು ಈ ಊರಿನಲ್ಲಿ ಎದ್ದೆನೋ ಅವರನ್ನು ಎಬ್ಬಿಸಿ ಕಳಿಸು ಅಂತ ಬರೆದಿದ್ದೀ. ಇದಕ್ಕಾ ನಾನು ಫೀಸು ಕಟ್ಟಿದ್ದು?" ಎಂದರಂತೆ. ಮನೆಯಲ್ಲಿ ನಾಲ್ಕು ದಿನ ಮಾತಿಲ್ಲ. ಅವರು ನಮ್ಮಲ್ಲಿಗೆ ಎರಡನೆಯ ಸಲ ಬಂದುದು ಆಗಲೇ. ನಿಜವನ್ನು ಹೇಳುವುದಾದರೆ ನಮಗೆ ಅವರಿಬ್ಬರಲ್ಲಿ ಯಾರ ಪಕ್ಷ ವಹಿಸಬೇಕೆಂದು ತೋಚಲಿಲ್ಲ. ಹುಡುಗಿಯ ಲೆಕ್ಕದಲ್ಲಿ ತಪ್ಪಿರಲಿಲ್ಲ. ಸಾಲು ಬಿಟ್ಟು ಎದುರಿನ ಹೋಟೆಲಿಗೆ ಹೋಗುವ ಗಿರಾಕಿಯ ಹಣದಿಂದಲೇ ಹತ್ತು ಮಂದಿ ಕೆಲಸಗಾರರ ಸಂಬಳ ನಡೆಯಬೇಕು. ಆ ವೃದ್ಧರದೂ ಅದರಲ್ಲಿಯೇ ನಡೆಯಬೇಕು.

ಐದನೆಯ ದಿನ ಹುಡುಗಿ ವರದಿಯನ್ನು ಬದಿಗಿಟ್ಟು ತಾನೇ ಹೋಗಿ ವೃದ್ಧರ ಮಗ್ಗುಲಲ್ಲಿ ನಿಂತಳು. ಗಡಿಯಾರ ಹೇಳದಿದ್ದುದು ಅಲ್ಲಿ ಕಂಡಿತು. ಆ ಒಂದು ನಿಮಿಷದಲ್ಲಿ ಅವರು ಪೊಟ್ಟಣವನ್ನು ಮಾತ್ರ ಕಟ್ಟುತ್ತಿರಲಿಲ್ಲ. ಯಾರಿಗೆ ಸಾಂಬಾರಿನಲ್ಲಿ ಈರುಳ್ಳಿ ಸಲ್ಲದು, ಯಾರ ಮನೆಯಲ್ಲಿ ರೋಗಿಗಳಿದ್ದಾರೆ, ಯಾರ ತಿಂಗಳ ಲೆಕ್ಕ ಬಾಕಿಯಿದೆ ಎಂಬುದೆಲ್ಲ ಆ ನಿಮಿಷದೊಳಗೆ ನಡೆದುಹೋಗುತ್ತಿತ್ತು. ಆದರೆ ಅವಳು ಇನ್ನೊಂದನ್ನೂ ಕಂಡಳು. ಎಂಟೂಮುಕ್ಕಾಲರ ಸುಮಾರಿಗೆ ಅವರ ಕೈ ನಡುಗುತ್ತಿತ್ತು. ಚಟ್ನಿಯ ಪೊಟ್ಟಣಕ್ಕೆ ದಾರ ಸುತ್ತುವಾಗ ಎರಡು ಸಲ ಜಾರಿತು. "ಸಾಲು ಉದ್ದ ಕಂಡರೆ ಎದೆ ಹೊಡೆದುಕೊಳ್ಳುತ್ತೆ ಮಗಾ, ನಿನ್ನ ಅಪ್ಪಯ್ಯನಿಗೆ ಹೇಳ್ಬೇಡ" ಎಂದರು ಅವರೇ.

ಆ ರಾತ್ರಿ ಅವಳು ಮತ್ತೆ ಲೆಕ್ಕಕ್ಕೆ ಕುಳಿತಳು. ವೃದ್ಧರನ್ನು ಅಲ್ಲಿಯೇ ಇಟ್ಟು, ಅಷ್ಟೇ ವೇಗದ ಇನ್ನೊಂದು ಜೊತೆ ಕೈಗಳನ್ನು ಬೆಳಗಿನ ಎರಡು ತಾಸು ಮಾತ್ರ ಪಕ್ಕಕ್ಕೆ ನಿಲ್ಲಿಸಿದರೆ? ಎರಡು ಕೈಗೆ ಒಂದೇ ಸಾಲು. ಉತ್ತರ ಸುಮಾರು ಒಂದೂಕಾಲು ನಿಮಿಷ ಬಂದಿತು. ಚುರುಕಾದ ತರುಣನ ಲೆಕ್ಕಕ್ಕಿಂತಲೂ ಅರ್ಧ! ಈ ಲೆಕ್ಕವೂ ಅದೇ ಪಠ್ಯಪುಸ್ತಕದಲ್ಲಿ ಮುಂದಿನ ಪುಟದಲ್ಲಿಯೇ ಇತ್ತು. ಎರಡು ತಾಸಿಗೆ ಹೊಸ ಆಳೊಬ್ಬನ ಸಂಬಳ ಹುಟ್ಟಬೇಕಲ್ಲ ಎಂದು ತಂದೆ ಗೊಣಗಿದರು. "ಆ ಎರಡು ತಾಸು ಗಲ್ಲದಲ್ಲಿ ನಾನು ಕೂರ್ತೇನೆ ಅಪ್ಪಯ್ಯ, ಪೊಟ್ಟಣ ಕಟ್ಟಲಿಕ್ಕೆ ನೀವು ಹೋಗಿ" ಎಂದು ಹುಡುಗಿ ಹೇಳಿದಳು. ಮೂವತ್ತು ವರ್ಷಗಳ ಮೇಲೆ ನಮ್ಮ ಸ್ನೇಹಿತರು ಪುನಃ ಪಾರ್ಸೆಲು ಕಟ್ಟೆಗೆ ಇಳಿದರು.

ಇಷ್ಟನ್ನು ಕೇಳಿದ ಮೇಲೆ ವಾಚಕರು, ಹಾಗಾದರೆ ನಮ್ಮ ಮಕ್ಕಳನ್ನೂ ಸೇರಿಸಬಹುದಲ್ಲವೆ ಎಂದು ಕೇಳಬಹುದು. ಅವರ ಅನುಕೂಲಕ್ಕಾಗಿ ಎರಡು ಮಾತು. 2024-25ರ ಶೈಕ್ಷಣಿಕ ವರ್ಷದಿಂದ ಬಿ.ಬಿ.ಎ., ಬಿ.ಎಂ.ಎಸ್. ಮೊದಲಾದ ಪದವಿಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಹತೋಟಿಗೆ ಬಂದವು. ಮಹಾರಾಷ್ಟ್ರದಲ್ಲಿ ಇವುಗಳಿಗೆ ಅದೇ ವರ್ಷ ಮೊದಲ ಬಾರಿಗೆ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಯಿತು. ಸುದ್ದಿ ತಿಳಿಯದೆ ಆ ಪರೀಕ್ಷೆಗೆ ಕುಳಿತುಕೊಳ್ಳದ ಹುಡುಗರು ಎಷ್ಟೋ ಮಂದಿ. ನಮ್ಮ ಪರಿಚಯದವರೊಬ್ಬರ ಮಗನೂ ಅವರಲ್ಲಿದ್ದನು. ಆ ವರ್ಷ ಕೆಲವು ಕಾಲೇಜುಗಳು ತಮ್ಮ ಪದವಿಯ ಹೆಸರನ್ನೇ ಬದಲಿಸಿ, ನಿರ್ವಹಣಾ ಅಧ್ಯಯನದ ಬಿ.ಕಾಂ. ಎಂದು ಹಲಗೆ ಹಾಕಿಕೊಂಡು ಪರೀಕ್ಷೆಯಿಲ್ಲದೆ ಹುಡುಗರನ್ನು ಸೇರಿಸಿಕೊಂಡವು. ಹುಡುಗನು ಅಂತಹುದೊಂದರಲ್ಲಿ ಸೇರಿದನು. ಪ್ರಮಾಣಪತ್ರದ ಮೇಲೆ ಯಾವ ಹೆಸರು ಬರುವುದೆಂಬುದನ್ನು ಅವನ ತಂದೆ ಕಚೇರಿಯ ಕಿಟಕಿಯಲ್ಲಿ ಮೂರು ಸಲ ಕೇಳಿ ಮೂರು ಬಗೆಯ ಉತ್ತರ ಪಡೆದರು. ಆದುದರಿಂದ ಫೀಸು ಕಟ್ಟುವ ಮೊದಲು ಪದವಿಯ ಪೂರ್ಣ ಹೆಸರನ್ನೂ ಅದಕ್ಕೆ ಇರುವ ಮನ್ನಣೆಯನ್ನೂ ಬರಹದಲ್ಲಿ ಪಡೆದುಕೊಳ್ಳುವುದು ಒಳ್ಳೆಯದು. ಪ್ರವೇಶ ಪರೀಕ್ಷೆಯ ಅರ್ಜಿ ಹನ್ನೆರಡನೆಯ ತರಗತಿಯ ಫಲಿತಾಂಶಕ್ಕೆ ಕಾಯುವುದಿಲ್ಲವೆಂಬುದನ್ನೂ ನೆನಪಿಡಬೇಕು. ಮತ್ತೊಂದು ಮಾತು: ಕಾಲೇಜಿಗೆ ಹೋದಾಗ ಕಟ್ಟಡದ ಗಾಜನ್ನು ನೋಡುವುದರ ಬದಲು, ಸಂಖ್ಯಾಶಾಸ್ತ್ರವನ್ನೂ ಆಪರೇಷನ್ಸ್ ರಿಸರ್ಚನ್ನೂ ಯಾರು ಕಲಿಸುತ್ತಾರೆ, ಅವರು ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂದು ವಿಚಾರಿಸಬೇಕು. ವರ್ಷಕ್ಕೊಬ್ಬರು ಬದಲಾಗುವ ಕಡೆ ಈ ವಿದ್ಯೆ ಬೇರೂರುವುದು ಕಷ್ಟ.

ಹುಡುಗಿ ಪದವಿ ಮುಗಿಸಿ ಒಂದು ಸಾಗಣೆಯ ಕಂಪೆನಿಯಲ್ಲಿ ಕೆಲಸಕ್ಕಿದ್ದಾಳೆ. ಲಾರಿಗಳು ಯಾವ ದಾರಿಯಾಗಿ ಹೋದರೆ ಡೀಸೆಲು ಉಳಿಯುವುದೆಂಬ ಲೆಕ್ಕ ಮಾಡುತ್ತಾಳಂತೆ. ಮುಂದೆ ಓದಬೇಕೆಂಬ ಆಸೆಯೂ ಇದೆ, ಹೋಟೆಲನ್ನು ನೋಡಿಕೊಳ್ಳಬೇಕೆಂಬ ಆಸೆಯೂ ಇದೆ. ತಂದೆ ಯಾವುದನ್ನೂ ಬಾಯಿಬಿಟ್ಟು ಹೇಳಿಲ್ಲ. ಕಳೆದ ವಾರ ನಾವು ಬೆಳಗ್ಗೆ ಎಂಟೂವರೆಗೆ ಅತ್ತ ಹೋಗಿದ್ದೆವು. ಗಲ್ಲದಲ್ಲಿ ಅವಳ ತಮ್ಮ ಕುಳಿತಿದ್ದನು. ವೃದ್ಧರು ಯಾರಿಗೋ ಸಾಂಬಾರಿನಿಂದ ಈರುಳ್ಳಿ ತೆಗೆದು ಕೊಡುತ್ತಿದ್ದರು. ಪಕ್ಕದಲ್ಲಿ ನಮ್ಮ ಸ್ನೇಹಿತರು ದಾರ ಸುತ್ತುತ್ತ, ನಮ್ಮನ್ನು ಕಂಡು, "ಸಾಲಿನಲ್ಲೇ ಬನ್ನಿ ಮಾರಾಯ್ರೇ, ಒಂದೂಕಾಲು ನಿಮಿಷ ಅಷ್ಟೇ" ಎಂದರು. ನಾವು ಗಡಿಯಾರ ನೋಡಿಕೊಂಡು ನಿಂತೆವು. ಎರಡು ನಿಮಿಷ ಹಿಡಿಯಿತು.